ಸುಂಕದ ಕಟ್ಟೆ ಕಾಣೆಯಾದ ಕಥೆ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂಬ ಗಾದೆಯನ್ನು ನಾವೆಲ್ಲ ಮನೆಯ ಹಿರಿಯರ ಬಾಯಲ್ಲಿ ಕೇಳಿದವರೇ. ಹೇಳಿಕೊಂಡು ಪ್ರಯೋಜನವಿಲ್ಲ, ಅವನು ಕಾಸು ಬಿಡುವವನಲ್ಲ ಎಂಬುದು ಅದರ ಅರ್ಥ. ಆದರೂ ಆ ಗಾದೆಯಲ್ಲಿ ಒಂದು ಸಮಾಧಾನವಿದೆ. ಅಲ್ಲಿ ಸುಂಕದವನು ಎಂಬ ಒಬ್ಬ ಮನುಷ್ಯ ಕುಳಿತಿದ್ದಾನೆ. ಕೇಳದಿದ್ದರೂ ಅವನಿಗೆ ಕಿವಿಯಿದೆ. ನಮ್ಮ ಮೆಲ್ಬರ್ನಿನಲ್ಲಿ ಅವನೂ ಇಲ್ಲ. ಗ್ಲೆನ್ ವೇವರ್ಲಿಯಿಂದ ಮೊನಾಶ್ ಫ್ರೀವೇ ಹಿಡಿದು ಏರ್‌ಪೋರ್ಟಿಗೆ ಹೊರಟರೆ ದಾರಿಯುದ್ದಕ್ಕೂ ತಲೆಯ ಮೇಲೆ ಕಬ್ಬಿಣದ ಕಮಾನುಗಳು ಹಾದುಹೋಗುತ್ತವೆ, ಗಾಜಿಗೆ ಅಂಟಿಸಿದ ಪುಟ್ಟ ಡಬ್ಬಿ 'ಬೀಪ್' ಎನ್ನುತ್ತದೆ, ಅಲ್ಲಿಗೆ ಸುಂಕ ಸಂದಾಯವಾಯಿತು. ಎಷ್ಟು ಸಂದಾಯವಾಯಿತು ಎಂದು ಕಾರಿನಲ್ಲಿರುವ ಯಾರನ್ನಾದರೂ ಕೇಳಿ ನೋಡಿ, ಥಟ್ಟನೆ ಹೇಳುವವರು ಕಡಿಮೆ.

ಈ ಡಬ್ಬಿ ಯಾಕೆ ಬಂತು, ಕಟ್ಟೆ ಯಾಕೆ ಹೋಯಿತು, ಇದನ್ನು ಆರಿಸಿದವರು ಯಾರು ಎಂಬುದು ಬರೀ ಎಂಜಿನಿಯರುಗಳಿಗೆ ಬಿಡುವ ವಿಷಯವಲ್ಲ. ಸುಂಕ ವಸೂಲು ಮಾಡುವ ವಿಧಾನ ಯಾವುದು ಎಂಬುದನ್ನು ಬಹುಪಾಲು ನಿರ್ಧರಿಸುವುದು ಆ ರಸ್ತೆಗೆ ಯಾರ ದುಡ್ಡು ಹಾಕಲಾಗಿದೆ, ಆ ದುಡ್ಡು ಮುಳುಗಿದರೆ ಯಾರದು ಮುಳುಗುತ್ತದೆ ಎಂಬ ಪ್ರಶ್ನೆ. ಒಮ್ಮೆ ವಿಧಾನ ನಿಂತಿತೆಂದರೆ, ಸುಂಕ ಎಷ್ಟು ವರ್ಷ ಉಳಿಯುತ್ತದೆ ಎಂಬುದರ ಮೇಲೂ ಅದರ ನೆರಳು ಬೀಳುತ್ತದೆ. ಸಿಡ್ನಿ ಮತ್ತು ಮೆಲ್ಬರ್ನ್ ಎರಡೂ ನಗರಗಳ ಕಥೆ ಇದನ್ನು ಚೆನ್ನಾಗಿ ತೋರಿಸುತ್ತದೆ.

ಮೊದಲು ನಮ್ಮ ಊರಿನ ಮಾತು ಒಂದಿಷ್ಟು. ಸುಂಕ ನಮಗೆ ಹೊಸದಲ್ಲ. ಚಾಲುಕ್ಯರ, ಹೊಯ್ಸಳರ ಕಾಲದ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂದು ಬಗೆಬಗೆಯ ಸುಂಕಗಳ ಹೆಸರು ಬರುತ್ತವೆ. ಎತ್ತಿನ ಮೇಲೆ ಹೇರಿ ತಂದ ಸರಕಿಗೆ ಹೇರಿಗಿಷ್ಟು ಎಂದು ಲೆಕ್ಕ. ಅದನ್ನು ನೋಡಿಕೊಳ್ಳಲು ಸುಂಕದ ಹೆಗ್ಗಡೆ. ಎಷ್ಟೋ ಶಾಸನಗಳಲ್ಲಿ ಇಂಥ ಸುಂಕದ ಹುಟ್ಟುವಳಿಯನ್ನು ದೇವಾಲಯದ ನಂದಾದೀಪಕ್ಕೋ ನೈವೇದ್ಯಕ್ಕೋ ಬಿಟ್ಟುಕೊಟ್ಟದ್ದು ಬರೆದಿದೆ. ಅಂದರೆ ಕಾಸು ಎಲ್ಲಿಗೆ ಹೋಗುತ್ತದೆ ಎಂಬುದು ಕಲ್ಲಿನ ಮೇಲೆ ಕೊರೆದು ನಿಲ್ಲಿಸಿದ ಮಾತು. ಬೆಂಗಳೂರಿನ ಮಾಗಡಿ ರಸ್ತೆ ಬಲ್ಲವರು ನೆನಪಿಸಿಕೊಳ್ಳಿ: ಅದೇ ರಸ್ತೆಯಲ್ಲಿ 'ಟೋಲ್‌ಗೇಟ್' ಎಂಬ ಬಸ್ ಸ್ಟಾಪೂ ಇದೆ, ಮುಂದೆ ಸುಂಕದಕಟ್ಟೆ ಎಂಬ ಬಡಾವಣೆಯೂ ಇದೆ. ಗೇಟು ಹೋಗಿ ಹೆಸರು ಉಳಿಯಿತು.

ಆಸ್ಟ್ರೇಲಿಯಾದಲ್ಲಿ ಎಲ್ಲರಿಗೂ ಗೊತ್ತಿರುವ ಸುಂಕದ ಕಟ್ಟೆಯೆಂದರೆ ಸಿಡ್ನಿ ಹಾರ್ಬರ್ ಬ್ರಿಡ್ಜಿನದು. 1932ರ ಮಾರ್ಚ್ 19ರಂದು ಸೇತುವೆ ತೆರೆದಾಗ ಕಾರಿಗೆ 6 ಪೆನ್ಸ್, ಕುದುರೆ ಸವಾರನಿಗೆ 3 ಪೆನ್ಸ್ ಸುಂಕ. ದನ, ಕುರಿ, ಹಂದಿಗಳಿಗೂ ತಲೆಗಿಷ್ಟು ಎಂದು ದರ ಇತ್ತು, ನಮ್ಮ ಹೇರಿನ ಲೆಕ್ಕದ ಹಾಗೆಯೇ. ಕಟ್ಟಿಸಿದ್ದು ರಾಜ್ಯ ಸರ್ಕಾರ, ಸಾಲ ಮಾಡಿ. ಸಾಲ ತೀರುವವರೆಗೆ ಸುಂಕ ಎಂಬುದು ಜನಸಾಮಾನ್ಯರ ತಿಳಿವಳಿಕೆ. ವಸೂಲಿಯ 'ತಂತ್ರಜ್ಞಾನ' ಎಂದರೆ ಒಂದು ಗೂಡು, ಅದರೊಳಗೆ ಒಬ್ಬ ಮನುಷ್ಯ, ಚಾಚಿದ ಒಂದು ಕೈ.

ಆ ಸೇತುವೆಯ ಇತಿಹಾಸದಲ್ಲಿ ನನಗೆ ಬಹಳ ಹಿಡಿಸಿದ ಸುಧಾರಣೆಗೆ ಯಾವ ಯಂತ್ರವೂ ಬೇಕಾಗಲಿಲ್ಲ. 1970ರಲ್ಲಿ ಯಾರಿಗೋ ಹೊಳೆಯಿತು: ಬೆಳಿಗ್ಗೆ ಸೇತುವೆ ದಾಟಿ ಕೆಲಸಕ್ಕೆ ಹೋದವನು ಸಂಜೆ ಮನೆಗೆ ಬರಲೇಬೇಕಲ್ಲ, ಹಾಗಿದ್ದ ಮೇಲೆ ಎರಡು ಸಲ ಯಾಕೆ ನಿಲ್ಲಿಸಬೇಕು? ಅಂದಿನಿಂದ ದಕ್ಷಿಣಕ್ಕೆ, ಅಂದರೆ ನಗರದ ಕಡೆಗೆ ಹೋಗುವಾಗ ಮಾತ್ರ ಸುಂಕ. ಒಂದು ದಿಕ್ಕಿನ ಸಾಲು ಒಂದೇ ದಿನದಲ್ಲಿ ಮಾಯ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ಎಷ್ಟೋ ಪಾಠಗಳಿಗಿಂತ ಇದು ದೊಡ್ಡ ಪಾಠ ಅನ್ನಿ.

ಸೇತುವೆಯ ಸಾಲ ತೀರಿದ್ದು 1988ರಲ್ಲಿ, 56 ವರ್ಷಗಳ ನಂತರ. ಸುಂಕ ನಿಂತಿತೇ? ಇಲ್ಲ. ಅಷ್ಟರಲ್ಲಿ ನೀರಿನಡಿಯ ಹಾರ್ಬರ್ ಸುರಂಗದ ಒಪ್ಪಂದ ಆಗಿತ್ತು. ಅದಕ್ಕಾಗಿ 1987ರಲ್ಲೇ ಸೇತುವೆಯ ಸುಂಕವನ್ನು 20 ಸೆಂಟಿನಿಂದ ಒಂದು ಡಾಲರಿಗೆ ಏರಿಸಿದ್ದರು. 1992ರ ಆಗಸ್ಟ್‌ನಲ್ಲಿ ತೆರೆದ ಸುರಂಗ ಕಾಗದದ ಮೇಲೆ ಖಾಸಗಿಯವರದು, ಟ್ರಾನ್ಸ್‌ಫೀಲ್ಡ್ ಮತ್ತು ಜಪಾನಿನ ಕುಮಗಾಯಿ ಕಂಪನಿಗಳು ಸೇರಿ ಕಟ್ಟಿದ್ದು. ಆದರೆ ಇಷ್ಟು ಆದಾಯ ಬಂದೇ ಬರುತ್ತದೆ ಎಂದು ಸರ್ಕಾರ ಭರವಸೆ ಕೊಟ್ಟಿತ್ತು. ಹಣ ಖಾಸಗಿ, ಭಯ ಸಾರ್ವಜನಿಕ. ಇಂಥ ಏರ್ಪಾಡಿನಲ್ಲಿ ಕಂಪನಿಗೆ ವಸೂಲಿಯ ವಿಧಾನದ ಬಗ್ಗೆ ತಲೆ ಕೆಡಿಸಿಕೊಳ್ಳುವ ಅಗತ್ಯ ಹೆಚ್ಚಿರುವುದಿಲ್ಲ. ಸಾಲು ಉದ್ದವಾದರೂ ವರಮಾನಕ್ಕೆ ಕುತ್ತಿಲ್ಲ.

ಮೆಲ್ಬರ್ನಿನಲ್ಲಿ ಇದಕ್ಕೆ ವಿರುದ್ಧದ ಅನುಭವ. ಕಟ್ಟುವಾಗಲೇ, 1970ರ ಅಕ್ಟೋಬರ್ 15ರಂದು ಕುಸಿದು 35 ಕಾರ್ಮಿಕರನ್ನು ಬಲಿ ತೆಗೆದುಕೊಂಡ ವೆಸ್ಟ್ ಗೇಟ್ ಸೇತುವೆ ಕೊನೆಗೂ ತೆರೆದದ್ದು 1978ರ ನವೆಂಬರಿನಲ್ಲಿ. ಅಲ್ಲಿಯೂ ಕಟ್ಟೆ, ಗೂಡು, ಚಿಲ್ಲರೆ. ಆದರೆ ಕಾಸು ಕೊಡಲು ಮನಸ್ಸಿಲ್ಲದವರಿಗೆ ಹಳೆಯ ರಸ್ತೆಗಳು ತೆರೆದೇ ಇದ್ದವು. ನೆಚ್ಚಿಕೊಂಡಷ್ಟು ವಾಹನ ಬರಲಿಲ್ಲ, ಸಾಲ ಕರಗಲಿಲ್ಲ, ಜನರ ಅಸಮಾಧಾನ ಮಾತ್ರ ಬೆಳೆಯಿತು. 1985ರಲ್ಲಿ ಜಾನ್ ಕೇನ್ ಸರ್ಕಾರ ಸುಂಕವನ್ನು ತೆಗೆದೇ ಹಾಕಿತು. ಗಮನಿಸಬೇಕಾದದ್ದು ಇಷ್ಟು: ಕಟ್ಟೆ ಕಣ್ಣಿಗೆ ಕಾಣುತ್ತಿತ್ತು, ಪ್ರತಿ ಸಲವೂ ಕೈ ಜೇಬಿಗೆ ಹೋಗುತ್ತಿತ್ತು, ಆದ್ದರಿಂದ ಸಿಟ್ಟೂ ಪ್ರತಿದಿನ ಹೊಸದಾಗುತ್ತಿತ್ತು. ವೋಟು ಬೇಕಾದವರು ಅದನ್ನು ಮರೆಯಲಾಗಲಿಲ್ಲ.

ಇನ್ನು ಸ್ವಲ್ಪ ಲೆಕ್ಕ. ಕಾರು ನಿಂತು, ಗಾಜು ಇಳಿಸಿ, ಕಾಸು ಕೊಟ್ಟು, ಚಿಲ್ಲರೆ ಪಡೆದು ಹೊರಡಲು 10 ಸೆಕೆಂಡು ಎಂದಿಟ್ಟುಕೊಳ್ಳಿ. ಗಂಟೆಗೆ 360 ಕಾರು. ತಡೆಯಿಲ್ಲದ ಫ್ರೀವೇಯ ಒಂದು ಸಾಲಿನಲ್ಲಿ ಗಂಟೆಗೆ 2,000ದ ಹತ್ತಿರ ಕಾರು ಹರಿಯಬಲ್ಲವು. ಅಂದರೆ ಒಂದು ಸಾಲಿಗೆ ಐದಾರು ಗೂಡು. ಮೂರು ಸಾಲಿನ ರಸ್ತೆಗೆ ಒಂದೊಂದು ದಿಕ್ಕಿಗೆ ಹದಿನಾರು ಹದಿನೇಳು. ನಾಣ್ಯವನ್ನು ಬುಟ್ಟಿಗೆ ಎಸೆದರೆ ತಾನೇ ಎಣಿಸಿಕೊಳ್ಳುವ ಯಂತ್ರ ಬಂದ ಮೇಲೆ ಇದು ಒಂದಿಷ್ಟು ಸುಧಾರಿಸಿತು, ಅಷ್ಟೆ. ಊರ ಹೊರಗಿನ ಬಯಲಿನಲ್ಲಿ ಹದಿನೇಳು ಗೂಡು ಕಟ್ಟಬಹುದು. ಯಾರಾ ನದಿಯ ದಂಡೆಯಲ್ಲಿ, ರಿಚ್ಮಂಡ್ ಬರ್ನ್ಲಿಯ ಮನೆಗಳ ಮಧ್ಯೆ ಕಟ್ಟುವುದೆಲ್ಲಿ?

ಕೈ ಚಾಚದೆ ಸುಂಕ ವಸೂಲು ಮಾಡುವ ಆಲೋಚನೆ ಹಳೆಯದೇ. ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ 1959ರಲ್ಲೇ ಅಮೆರಿಕದ ವಾಷಿಂಗ್ಟನ್ ನಗರಕ್ಕೆ ಇಂಥದೊಂದು ಸಲಹೆ ಕೊಟ್ಟಿದ್ದರು: ಪ್ರತಿ ಕಾರಿನಲ್ಲೂ ಒಂದು ಸಣ್ಣ ರೇಡಿಯೋ ಉಪಕರಣ, ರಸ್ತೆಯಲ್ಲಿ ಅದನ್ನು ಗುರುತಿಸುವ ಯಂತ್ರ, ತಿಂಗಳ ಕೊನೆಗೆ ಬಿಲ್ಲು. ಆಗ ಯಾರೂ ಕಿವಿಗೊಡಲಿಲ್ಲ. 1996ರಲ್ಲಿ ಅವರಿಗೆ, ಬೇರೆ ಕೆಲಸಕ್ಕಾಗಿ, ನೊಬೆಲ್ ಬಂತು. ಸಿಂಗಾಪುರ 1975ರಲ್ಲಿ ಗಾಜಿಗೆ ಅಂಟಿಸುವ ಕಾಗದದ ಪರವಾನಗಿಯಿಂದ ಶುರುಮಾಡಿ 1998ರಲ್ಲಿ ಇಲೆಕ್ಟ್ರಾನಿಕ್ ವ್ಯವಸ್ಥೆಗೆ ಹೋಯಿತು. ನಾರ್ವೆಯ ಓಲೆಸುಂಡ್‌ನಲ್ಲಿ 1987ರಲ್ಲಿ ಟ್ಯಾಗ್ ಬಂತು. ಹಾಂಗ್‌ಕಾಂಗ್ 1983ರಿಂದ 1985ರವರೆಗೆ ಪ್ರಯೋಗ ನಡೆಸಿತು. ಯಂತ್ರ ಸರಿಯಾಗಿಯೇ ಕೆಲಸ ಮಾಡಿತು, ಆದರೆ ನಮ್ಮ ಕಾರು ಎಲ್ಲೆಲ್ಲಿ ಹೋಯಿತೆಂದು ಸರ್ಕಾರಕ್ಕೆ ಯಾಕೆ ಗೊತ್ತಾಗಬೇಕು ಎಂದು ಜನ ಕೇಳಿದರು, ಯೋಜನೆ ಮೂಲೆ ಸೇರಿತು. ಆ ಪ್ರಶ್ನೆಯನ್ನು ನಾವು ಮೆಲ್ಬರ್ನಿನಲ್ಲಿ ಅಷ್ಟು ಗಟ್ಟಿಯಾಗಿ ಕೇಳಲಿಲ್ಲ ಎಂದೇ ನನ್ನ ಅಭಿಪ್ರಾಯ.

ಈಗ ಸಿಟಿಲಿಂಕ್. ಇಲ್ಲಿಗೆ ಬಹಳ ಹಿಂದೆ ಬಂದ ನಮ್ಮ ಹಿರಿಯ ಸದಸ್ಯರಿಗೆ ಸೌತ್ ಈಸ್ಟರ್ನ್ ಆರ್ಟೀರಿಯಲ್ ನೆನಪಿರಬೇಕು. ಫ್ರೀವೇ ಎಂದು ಹೊರಟು ಮಧ್ಯೆ ಟ್ರಾಫಿಕ್ ಲೈಟು ಇಟ್ಟಿದ್ದ ರಸ್ತೆ. ಜನ ಅದಕ್ಕೆ 'ಸೌತ್ ಈಸ್ಟರ್ನ್ ಕಾರ್ ಪಾರ್ಕ್' ಎಂದೇ ನಾಮಕರಣ ಮಾಡಿದ್ದರು. ಆ ಕಡೆ ಏರ್‌ಪೋರ್ಟಿಗೆ ಟಲ್ಲಮರೀನ್ ಫ್ರೀವೇ, ಪಶ್ಚಿಮಕ್ಕೆ ವೆಸ್ಟ್ ಗೇಟ್. ಮೂರೂ ನಗರದ ಅಂಚಿಗೆ ಬಂದು ನಿಲ್ಲುತ್ತಿದ್ದವು, ಒಂದಕ್ಕೊಂದು ಸೇರುತ್ತಿರಲಿಲ್ಲ. ಅವನ್ನು ಸೇರಿಸುವ 22 ಕಿಲೋಮೀಟರಿನ ಯೋಜನೆಗೆ ಖಾಸಗಿಯವರನ್ನು ಕರೆಯುವ ಕೆಲಸ ಜೋನ್ ಕರ್ನರ್ ಅವರ ಲೇಬರ್ ಸರ್ಕಾರದಲ್ಲಿ ಶುರುವಾಗಿ, ಜೆಫ್ ಕೆನೆಟ್ ಅವರ ಲಿಬರಲ್ ಸರ್ಕಾರದಲ್ಲಿ ಮುಗಿಯಿತು. ಟ್ರಾನ್ಸ್‌ಫೀಲ್ಡ್ ಮತ್ತು ಜಪಾನಿನ ಒಬಯಾಶಿ ಕಟ್ಟಿದ ಟ್ರಾನ್ಸ್‌ಅರ್ಬನ್ ಗುಂಪಿಗೆ ಗುತ್ತಿಗೆ ಸಿಕ್ಕಿತು. 1995ರಲ್ಲಿ ಇದಕ್ಕೆಂದೇ ಒಂದು ಕಾಯಿದೆ ಆಯಿತು.

ಇಲ್ಲಿ ಹಾರ್ಬರ್ ಸುರಂಗದ ಹಾಗೆ ಸರ್ಕಾರದ ಭರವಸೆ ಇರಲಿಲ್ಲ. ವಾಹನ ಬಾರದಿದ್ದರೆ ನಷ್ಟ ಬಂಡವಾಳ ಹಾಕಿದವರದು. ಹಾಗಾಗಿ ಅವರಿಗೆ ಎರಡು ಬೇಕಾಗಿತ್ತು: ಒಂದು, ದಾರಿಯಲ್ಲಿ ಎಲ್ಲೂ ಕಾರು ನಿಲ್ಲಬಾರದು, ನಿಂತರೆ ಜನ ಬೇರೆ ದಾರಿ ಹಿಡಿಯುತ್ತಾರೆ, ವೆಸ್ಟ್ ಗೇಟಿನ ಪಾಠ ಕಣ್ಣೆದುರಿಗಿತ್ತು. ಇನ್ನೊಂದು, ನಡುವೆ ಹತ್ತಿ ನಡುವೆ ಇಳಿಯುವವರಿಂದಲೂ ಅಷ್ಟಷ್ಟೇ ಸುಂಕ ಸಿಗಬೇಕು. ಕಟ್ಟೆಯಿಂದ ಇವೆರಡೂ ಆಗದು. ಆದ್ದರಿಂದ ಒಂದೂ ಕಟ್ಟೆಯಿಲ್ಲದ, ಬರೀ ಕಮಾನು ಮತ್ತು ಟ್ಯಾಗಿನ ವ್ಯವಸ್ಥೆ ಎಂದು ತೀರ್ಮಾನವಾಯಿತು. ಇದು ಎಂಥ ಧೈರ್ಯ ಎಂದರೆ, ಒಪ್ಪಂದಕ್ಕೆ ಸಹಿ ಬಿದ್ದಾಗ ಪ್ರಪಂಚದಲ್ಲಿ ಎಲ್ಲೂ ಇಂಥ ಪೂರಾ ತೆರೆದ ರಸ್ತೆ ನಡೆಯುತ್ತಿರಲಿಲ್ಲ. ಕೆನಡಾದ ಟೊರಾಂಟೋದ 407ನೇ ಹೆದ್ದಾರಿ ಮೊದಲು ತೆರೆದದ್ದು 1997ರಲ್ಲಿ. ಅದನ್ನು ಕಟ್ಟಿಸಿದ್ದು ಒಂಟಾರಿಯೋ ಸರ್ಕಾರ. 1999ರಲ್ಲಿ ಅದೇ ಸರ್ಕಾರ ಅದನ್ನು 99 ವರ್ಷಕ್ಕೆ ಖಾಸಗಿಯವರಿಗೆ ಗುತ್ತಿಗೆ ಕೊಟ್ಟಿತು. ಅಲ್ಲಿ ಯಂತ್ರ ಹೊಂದಿಸಿದ ತಲೆನೋವು ಸರ್ಕಾರದ್ದು, ಫಸಲು ಬೇರೆಯವರದು.

ಮೆಲ್ಬರ್ನಿನ ಯಂತ್ರ ಬಂದದ್ದು ಸ್ವೀಡನ್ನಿನ ಕಾಂಬಿಟೆಕ್ ಕಂಪನಿಯಿಂದ. ಅದರ ಕೆಲಸ ಹೇಗೆಂದು ಸರಳವಾಗಿ ಹೇಳುವುದಾದರೆ ಹೀಗೆ. ಗಂಟೆಗೆ 100 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತದೆ. ಕಮಾನಿನ ಕೆಳಗೆ ಮಾತುಕತೆ ನಡೆಯಬಲ್ಲ ಜಾಗ ಹತ್ತು ಮೀಟರ್ ಎಂದರೂ ಸಿಗುವ ಸಮಯ ಒಂದು ಸೆಕೆಂಡಿನ ಮೂರನೇ ಒಂದು ಭಾಗ. ಅಷ್ಟರೊಳಗೆ ಕಮಾನು 5.8 ಗಿಗಾಹರ್ಟ್ಸ್ ಅಲೆಯಲ್ಲಿ 'ಯಾರು ನೀನು?' ಎಂದು ಕೇಳಬೇಕು, ಬ್ಯಾಟರಿಯಿರುವ ಟ್ಯಾಗ್ 'ಇಂಥ ಖಾತೆಯವನು' ಎಂದು ಉತ್ತರಿಸಬೇಕು, ಬೀಪ್ ಆಗಬೇಕು. ಅದೇ ಹೊತ್ತಿಗೆ ಕ್ಯಾಮೆರಾಗಳು ನಂಬರ್ ಪ್ಲೇಟನ್ನು ಹಿಡಿದಿಡಬೇಕು. ಎರಡು ಸಾಲಿನ ನಡುವೆ ಗೆರೆಯ ಮೇಲೆ ಹೋಗುವವನು, ಲಾರಿಯ ಬೆನ್ನಿಗೆ ಅಂಟಿಕೊಂಡ ಪುಟ್ಟ ಕಾರು, ಮಳೆ, ಕೆಸರು ಮೆತ್ತಿದ ಪ್ಲೇಟು, ಎಲ್ಲದರಲ್ಲೂ ಯಾವ ಟ್ಯಾಗ್ ಯಾವ ಕಾರಿನದು ಎಂದು ತಪ್ಪದೆ ಹೊಂದಿಸಬೇಕು. ಕಷ್ಟ ಇದ್ದದ್ದು ಈ ಹೊಂದಿಸುವುದರಲ್ಲೇ. ಪಶ್ಚಿಮದ ಭಾಗ 1999ರ ಆಗಸ್ಟ್‌ನಲ್ಲಿ ತೆರೆದರೂ ಸುಂಕ ಶುರುವಾದದ್ದು 2000ದ ಜನವರಿ 3ರಂದು. ಬರ್ನ್ಲಿ ಸುರಂಗ ಆ ವರ್ಷದ ಡಿಸೆಂಬರಿನಲ್ಲಿ ತೆರೆಯಿತು. ಅಷ್ಟರೊಳಗೆ ಕೆನೆಟ್ ಚುನಾವಣೆಯಲ್ಲಿ ಸೋತು ಸ್ಟೀವ್ ಬ್ರ್ಯಾಕ್ಸ್ ಮುಖ್ಯಮಂತ್ರಿಯಾಗಿದ್ದರು.

ಯಂತ್ರದ ಆಯ್ಕೆ ಬರೀ ಯಂತ್ರದ ಆಯ್ಕೆಯಲ್ಲ ಎಂದು ಮೇಲೆ ಹೇಳಿದೆನಲ್ಲ, ಅದು ಇಲ್ಲಿ ಸ್ಪಷ್ಟವಾಗುತ್ತದೆ. ಕಟ್ಟೆಗೆ ನಿಮ್ಮ ಪರಿಚಯ ಬೇಕಿಲ್ಲ. ನಾಣ್ಯ ಕೊಟ್ಟರೆ ಗೇಟು ಏಳುತ್ತದೆ. ಕಮಾನಿಗೆ ಗೇಟಿಲ್ಲ, ಆದ್ದರಿಂದ ಅದಕ್ಕೆ ನಿಮ್ಮ ಪರಿಚಯ ಬೇಕೇ ಬೇಕು. ಪರಿಚಯವಿಲ್ಲದವನನ್ನು ಹಿಡಿಯಲು ಪ್ಲೇಟಿನ ಹಿಂದಿರುವ ಹೆಸರು, ವಿಳಾಸ ಬೇಕು. ಅದು ಇರುವುದು ಸರ್ಕಾರದ ಬಳಿ. ಕೊಡದವನಿಗೆ ದಂಡ ಹಾಕಬೇಕು. ಆ ಅಧಿಕಾರವೂ ಸರ್ಕಾರದ್ದೇ. ಸುಂಕದ ರಸ್ತೆಯಲ್ಲಿ ಖಾತೆಯಾಗಲಿ ಪಾಸಾಗಲಿ ಇಲ್ಲದೆ ಕಾರು ಓಡಿಸುವುದನ್ನೇ ಅಪರಾಧವೆಂದು ಕಾಯಿದೆ ಮಾಡಿದ್ದು ಇದಕ್ಕಾಗಿ. ಖಾಸಗಿ ಕಂಪನಿ ತನ್ನ ಕಟ್ಟೆಯನ್ನು ತೆಗೆದು ಹಾಕಿತು ಎನ್ನುತ್ತೇವೆ. ನಿಜವಾಗಿ ಆದದ್ದೆಂದರೆ, ಕಟ್ಟೆಯ ಗೇಟಿನ ಕೆಲಸವನ್ನು ಕೋರ್ಟು ಕಚೇರಿಗಳು ವಹಿಸಿಕೊಂಡವು. ಟೊರಾಂಟೋದಲ್ಲೂ ಇದೇ ಕಥೆ: ಬಾಕಿ ಉಳಿಸಿಕೊಂಡವನ ನಂಬರ್ ಪ್ಲೇಟನ್ನು ಸರ್ಕಾರ ನವೀಕರಿಸುವುದಿಲ್ಲ.

ಇದರ ಬಿಸಿ ಹೆಚ್ಚು ತಟ್ಟುವುದು ಯಾರಿಗೆ? ದಿನಾ ಓಡಾಡುವ, ಖಾತೆಯಿರುವ ನಮ್ಮಂಥವರಿಗಲ್ಲ. ಹೊಸದಾಗಿ ಬಂದು ಹಳೆಯ ಕಾರು ಕೊಂಡ ವಿದ್ಯಾರ್ಥಿಗೆ, ಮನೆ ಬದಲಿಸಿ ವಿಳಾಸ ಬದಲಿಸದವನಿಗೆ, ಮಗನ ಕಾರು ಓಡಿಸಿದ ಅಪ್ಪನಿಗೆ. ಕೆಲವು ಡಾಲರಿನ ಸುಂಕ, ಮೇಲೆ ನೋಟಿಸಿನ ಖರ್ಚು, ಅದರ ಮೇಲೆ ದಂಡ, ಹೀಗೆ ಮೂಲಕ್ಕಿಂತ ಎಷ್ಟೋ ಪಟ್ಟು ಬೆಳೆಯುತ್ತದೆ. ಕಟ್ಟೆಯಲ್ಲಿ ಹೀಗಾಗಲು ಸಾಧ್ಯವೇ ಇರಲಿಲ್ಲ. ಕಾಸಿಲ್ಲದವನು ಅಲ್ಲೇ ಹಿಂತಿರುಗುತ್ತಿದ್ದ.

ಸಿಡ್ನಿಯವರು ಒಂದೇ ಜಿಗಿತಕ್ಕೆ ಹೋಗಲಿಲ್ಲ. 1992ರ ಎಂ-4, ಎಂ-5, 1997ರ ಎಂ-2 ರಸ್ತೆಗಳೆಲ್ಲ ಖಾಸಗಿಯೇ, ಆದರೆ ಕಟ್ಟೆ ಮತ್ತು ನಾಣ್ಯದ ರಸ್ತೆಗಳು. ಊರಿನ ಹೊರವಲಯ, ಜಾಗವಿತ್ತು. ಬಾಬ್ ಕಾರ್ 1995ರ ಚುನಾವಣೆಯಲ್ಲಿ ಎಂ-4 ಮತ್ತು ಎಂ-5ರ ಸುಂಕ ತೆಗೆಯುತ್ತೇನೆಂದು ಮಾತು ಕೊಟ್ಟು ಗೆದ್ದರು. ಆಮೇಲೆ ನೋಡಿದರೆ ಒಪ್ಪಂದ ಮುರಿಯುವ ಖರ್ಚು ವಿಪರೀತ. ಹೀಗಾಗಿ 1997ರಲ್ಲಿ 'ಕ್ಯಾಶ್‌ಬ್ಯಾಕ್' ಬಂತು: ನೀವು ಕಟ್ಟಿ, ಸರ್ಕಾರ ವಾಪಸು ಕೊಡುತ್ತದೆ. ಒಂದು ಜೇಬಿನಿಂದ ತೆಗೆದು ಇನ್ನೊಂದು ಜೇಬಿಗೆ ಹಾಕುವ ಈ ವ್ಯವಹಾರದಲ್ಲಿ ನಡುವೆ ಕಂಪನಿಗೆ ಮಾತ್ರ ತಪ್ಪದೆ ಸಲ್ಲುತ್ತಿತ್ತು. ಕಟ್ಟೆಯೇ ಇಲ್ಲದ ರಸ್ತೆಗಳು ಸಿಡ್ನಿಗೆ ಬಂದದ್ದು 2005ರಲ್ಲಿ, ಮೊದಲು ಕ್ರಾಸ್ ಸಿಟಿ ಸುರಂಗ, ನಂತರ 40 ಕಿಲೋಮೀಟರಿನ ಎಂ-7. ಯಂತ್ರ ಒಂದೇ ಬಗೆಯದು, ಫಲ ಬೇರೆ ಬೇರೆ. ಎಂ-7 ನಡೆಯಿತು. ಕ್ರಾಸ್ ಸಿಟಿಯಲ್ಲಿ ದಿನಕ್ಕೆ 90,000 ವಾಹನ ಎಂದು ಹಾಕಿದ ಅಂದಾಜಿನ ಮೂರನೇ ಒಂದು ಪಾಲು ಬಂದದ್ದೇ ಹೆಚ್ಚು. ಮೇಲಿನ ರಸ್ತೆಗಳನ್ನು ಕಿರಿದು ಮಾಡಿ ಜನರನ್ನು ಸುರಂಗಕ್ಕೆ ತಳ್ಳುತ್ತಿದ್ದಾರೆಂದು ಊರೆಲ್ಲ ಗಲಾಟೆ, 2006ರ ಕೊನೆಗೆ ಕಂಪನಿ ಸಾಲಗಾರರ ಕೈ ಸೇರಿತು. ಎಷ್ಟು ಒಳ್ಳೆಯ ಟ್ಯಾಗ್ ಇದ್ದರೂ ಬಾರದ ಕಾರನ್ನು ಅದು ಎಣಿಸಲಾರದು.

ಹಾರ್ಬರ್ ಸುರಂಗದಲ್ಲಿ 2007ರಲ್ಲಿ, ಸೇತುವೆಯ ಮೇಲೆ 2009ರ ಜನವರಿಯಲ್ಲಿ ನಾಣ್ಯ ಸ್ವೀಕಾರ ನಿಂತಿತು. 77 ವರ್ಷ ಚಾಚಿದ್ದ ಕೈ ಒಳಗೆ ಹೋಯಿತು. ಅದೇ ತಿಂಗಳು ಹೊತ್ತಿಗೊಂದು ದರ ಬಂತು: ಬೆಳಿಗ್ಗೆ ಸಂಜೆಯ ಜಂಗುಳಿಯಲ್ಲಿ 4 ಡಾಲರ್, ಹಗಲಿನಲ್ಲಿ 3, ರಾತ್ರಿ ಎರಡೂವರೆ. ವಿಕ್ರಿ ಕಂಡ ಕನಸು ಇದೇ. ಕೈಯಿಂದ ಚಿಲ್ಲರೆ ಎಣಿಸುವ ಕಟ್ಟೆಯಲ್ಲಿ ಇದು ಆಗುವ ಮಾತಲ್ಲ.

1995 ಎಂದರೆ ನಮ್ಮೂರಿನಲ್ಲೂ ಒಂದು ನೆನಪಿದೆ. ಸಿಟಿಲಿಂಕ್ ಕಾಯಿದೆಯಾದ ಆ ವರ್ಷವೇ ಬೆಂಗಳೂರು ಮೈಸೂರು ನಡುವಿನ ಖಾಸಗಿ ಎಕ್ಸ್‌ಪ್ರೆಸ್ ರಸ್ತೆಗೆ, ದೇವೇಗೌಡರು ಮುಖ್ಯಮಂತ್ರಿಯಾಗಿದ್ದಾಗ, ಒಡಂಬಡಿಕೆ ಆಯಿತು. ಮುಂದೆ ನೈಸ್ ಎಂದು ಹೆಸರಾದದ್ದು ಇದೇ. ಬೆಂಗಳೂರಿನ ಸುತ್ತಲಿನ ರಸ್ತೆ ಆಯಿತು, ಗೂಡು ರಸೀತಿಗಳೊಂದಿಗೆ. ಮೈಸೂರಿನವರೆಗಿನ ರಸ್ತೆ ಭೂಮಿಯ ವ್ಯಾಜ್ಯದಲ್ಲಿ ಸಿಕ್ಕಿಬಿತ್ತು. ಮೈಸೂರಿಗೆ ಎಕ್ಸ್‌ಪ್ರೆಸ್ ರಸ್ತೆ ಕೊನೆಗೆ ಬಂದದ್ದು ಕೇಂದ್ರದ ಹೆದ್ದಾರಿ ಪ್ರಾಧಿಕಾರದಿಂದ, 2023ರ ಮಾರ್ಚ್‌ನಲ್ಲಿ. ಉದ್ಘಾಟನೆಯಾದ ಎರಡೇ ದಿನಕ್ಕೆ ಕಣಿಮಿಣಿಕೆಯಲ್ಲಿ ಸುಂಕ ಶುರುವಾಗಿ ಪ್ರತಿಭಟನೆಯೂ ಆಯಿತು.

ಅಲ್ಲಿ ಗಾಜಿಗೆ ಅಂಟಿಸುವುದು ಫಾಸ್ಟ್ಯಾಗ್. ಆ ಆಯ್ಕೆಯ ಹಿಂದೆ ನಮ್ಮವರೇ ಒಬ್ಬರಿದ್ದಾರೆ. ದೇಶದ ಹೆದ್ದಾರಿಗಳಿಗೆ ಯಾವ ತಂತ್ರಜ್ಞಾನ ಬೇಕೆಂದು ಹೇಳಲು 2010ರಲ್ಲಿ ಕೇಂದ್ರ ಸರ್ಕಾರ ಬೆಂಗಳೂರಿನ ನಂದನ್ ನಿಲೇಕಣಿಯವರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿತು. ನಮ್ಮ ಮೆಲ್ಬರ್ನ್ ಡಬ್ಬಿಯಂಥ ಬ್ಯಾಟರಿ ಟ್ಯಾಗ್ ಸಮಿತಿಯ ಮುಂದಿತ್ತು. ಅದನ್ನು ಬಿಟ್ಟು ಬ್ಯಾಟರಿಯೇ ಇಲ್ಲದ, ಕಾಗದದಂಥ ಚೀಟಿಯನ್ನು ಅವರು ಆರಿಸಿದರು. ಓದುವ ಯಂತ್ರದ ಅಲೆಯಿಂದಲೇ ಆ ಚೀಟಿ ಶಕ್ತಿ ಪಡೆದು ಉತ್ತರ ಕೊಡುತ್ತದೆ. ಬೆಲೆ ಕಡಿಮೆ, ಮಾನಕ ಎಲ್ಲರಿಗೂ ತೆರೆದದ್ದು, ಯಾವ ಕಂಪನಿ ಬೇಕಾದರೂ ತಯಾರಿಸಬಹುದು, ಒಬ್ಬ ಮಾರಾಟಗಾರನಿಗೆ ದೇಶ ಕಟ್ಟುಬೀಳುವುದಿಲ್ಲ. ಕೋಟಿಗಟ್ಟಲೆ ವಾಹನವಿರುವ, ಸರ್ಕಾರದ ಮತ್ತು ಖಾಸಗಿಯವರ ರಸ್ತೆಗಳು ಕಲಸಿಹೋಗಿರುವ ದೇಶಕ್ಕೆ ಇದು ಬುದ್ಧಿವಂತ ಆಯ್ಕೆ ಎಂದು ಒಪ್ಪಬೇಕು. 2014ರಲ್ಲಿ ಫಾಸ್ಟ್ಯಾಗ್ ಬಂತು, 2021ರ ಫೆಬ್ರವರಿಯಲ್ಲಿ ಕಡ್ಡಾಯವಾಯಿತು. ಆದರೆ ಕಟ್ಟೆ, ಗೇಟು ಹಾಗೇ ಉಳಿದವು, ಯಾಕೆಂದರೆ ಕೊಡದೆ ಹೋದವನನ್ನು ಪ್ಲೇಟು ನೋಡಿ ಹುಡುಕಿ ವಸೂಲು ಮಾಡುವ ವ್ಯವಸ್ಥೆ ನೆಚ್ಚುವ ಹಾಗಿರಲಿಲ್ಲ. ಗೇಟು ಹೋಗಬೇಕಾದರೆ ವಿಳಾಸ ಸರಿಯಿರಬೇಕು.

ತಂತ್ರಜ್ಞಾನ ಕೈಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಜರ್ಮನಿಯನ್ನು ನೋಡಬೇಕು. ಲಾರಿಗಳಿಗೆ ಉಪಗ್ರಹ ಆಧಾರಿತ ಸುಂಕ 2003ರಲ್ಲಿ ಶುರುವಾಗಬೇಕಿತ್ತು, ಆದದ್ದು 2005ರ ಜನವರಿಯಲ್ಲಿ. ತಪ್ಪಿಹೋದ ಆದಾಯ ಯಾರ ಲೆಕ್ಕಕ್ಕೆ ಎಂಬ ಜಗಳ ಸರ್ಕಾರಕ್ಕೂ ಕಂಪನಿಗಳಿಗೂ ಹತ್ತಿ, 320 ಕೋಟಿ ಯೂರೋಗೆ ರಾಜಿಯಾದದ್ದು 2018ರಲ್ಲಿ.

ಕೊನೆಯದಾಗಿ ದರದ ವಿಷಯ. ಅಮೆರಿಕದ ಅರ್ಥಶಾಸ್ತ್ರಜ್ಞೆ ಏಮಿ ಫಿಂಕಲ್‌ಸ್ಟೈನ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಟ್ಯಾಗಿನಲ್ಲಿ ಕಟ್ಟುವವರಿಗೆ ತಾವು ಎಷ್ಟು ಕಟ್ಟುತ್ತೇವೆಂದು ನಗದು ಕೊಡುವವರಷ್ಟು ಗೊತ್ತಿರುವುದಿಲ್ಲ ಎಂದು ಕಂಡುಬಂತು. ಟ್ಯಾಗ್ ಬಂದ ರಸ್ತೆಗಳಲ್ಲಿ ಸುಂಕ, ಇಲ್ಲದಿದ್ದರೆ ಎಷ್ಟಿರುತ್ತಿತ್ತೋ ಅದಕ್ಕಿಂತ ಶೇಕಡಾ 20ರಿಂದ 40ರಷ್ಟು ಹೆಚ್ಚಾಗಿತ್ತು. ಅವರು ನೋಡಿದ್ದು ಅಮೆರಿಕದ ರಸ್ತೆಗಳನ್ನು. ನಮ್ಮಲ್ಲಿ ಸಿಟಿಲಿಂಕ್ ಒಪ್ಪಂದದಲ್ಲಿ ಮೊದಲ 15 ವರ್ಷ ಸುಂಕ ವರ್ಷಕ್ಕೆ ಕನಿಷ್ಠ ಶೇಕಡಾ 4.5ರಂತೆ ಏರಬಹುದೆಂದು ಮೊದಲೇ ಬರೆದಿತ್ತು. ಚಕ್ರಬಡ್ಡಿಯ ಲೆಕ್ಕ ಹಾಕಿದರೆ 15 ವರ್ಷಕ್ಕೆ ಹತ್ತಿರ ಹತ್ತಿರ ಎರಡರಷ್ಟು. ಇದಕ್ಕೆ ಎದುರಾಗಿ ಸರ್ಕಾರದ ಕೈಯಲ್ಲಿರುವ ಹಾರ್ಬರ್ ಸೇತುವೆ: 2009ರಲ್ಲಿ ನಿಂತ 4 ಡಾಲರ್ 2023ರ ಅಕ್ಟೋಬರಿನವರೆಗೆ ಕದಲಲಿಲ್ಲ. ಎರಡೂ ಕಡೆ ಬೀಪ್ ಒಂದೇ. ಹಾಗಾಗಿ ದೋಷವನ್ನೆಲ್ಲ ಟ್ಯಾಗಿನ ಮೇಲೆ ಹಾಕುವುದು ಸರಿಯಲ್ಲ. ಏರಿಕೆಗೆ ಕಾರಣ ಒಪ್ಪಂದ. ಅದು ನಮಗೆ ಕಾಣದಿರಲು ಕಾರಣ ಟ್ಯಾಗ್.

ನಮ್ಮ ಮನೆಗಳ ಪೂರ್ವಕ್ಕಿರುವ ಈಸ್ಟ್‌ಲಿಂಕ್ ಇದೇ ಸಾಲಿನದು. 2002ರ ಚುನಾವಣೆಯಲ್ಲಿ ಸುಂಕವಿಲ್ಲದ ರಸ್ತೆ ಎಂದು ಮಾತು ಕೊಟ್ಟ ಬ್ರ್ಯಾಕ್ಸ್ ಸರ್ಕಾರ 2003ರ ಏಪ್ರಿಲಿನಲ್ಲಿ ಮಾತು ಬದಲಿಸಿತು. 2008ರ ಜೂನ್ 29ರಂದು 39 ಕಿಲೋಮೀಟರ್ ರಸ್ತೆ ತೆರೆಯಿತು, ಒಂದು ತಿಂಗಳು ಪುಕ್ಕಟೆ, ಆಮೇಲೆ ಸುಂಕ. ಅದರ ತುದಿಯಿಂದ ಮುಂದೆ ಹೋಗುವ ಪೆನಿನ್ಸುಲಾ ಲಿಂಕ್ ಕೂಡ ಖಾಸಗಿಯವರೇ ಕಟ್ಟಿದ್ದು, 2013ರಲ್ಲಿ ತೆರೆದದ್ದು. ಅಲ್ಲಿ ಕಮಾನೇ ಇಲ್ಲ, ಕಟ್ಟಿದವರಿಗೆ ಸರ್ಕಾರವೇ ಕಂತಿನಲ್ಲಿ ಕೊಡುತ್ತದೆ. ಒಂದೇ ದಾರಿಯ ಎರಡು ತುಂಡು, ಎರಡು ಲೆಕ್ಕ.

ಈಸ್ಟ್‌ಲಿಂಕ್ ಗುತ್ತಿಗೆ ಮುಗಿಯುವುದು 2043ರಲ್ಲಿ. ಸಿಟಿಲಿಂಕಿನದು ಮೊದಲು 2034ಕ್ಕೆ ಇತ್ತು; ಟಲ್ಲಮರೀನ್ ಅಗಲ ಮಾಡಿದ್ದಕ್ಕೆ ಒಂದು ವರ್ಷ, ವೆಸ್ಟ್ ಗೇಟ್ ಸುರಂಗಕ್ಕೆಂದು ಇನ್ನೂ ಹತ್ತು ವರ್ಷ ಸೇರಿ 2045 ಆಗಿದೆ. ಸಿಡ್ನಿಯ ಎಂ-4ರಲ್ಲಿ 2010ರ ಫೆಬ್ರವರಿಯಲ್ಲಿ ಗುತ್ತಿಗೆ ಮುಗಿದು ಸುಂಕ ನಿಂತಾಗ ಜನ ಸಂತೋಷಪಟ್ಟಿದ್ದರು. ರಸ್ತೆ ಅಗಲ ಮಾಡಿ 2017ರ ಆಗಸ್ಟ್‌ನಲ್ಲಿ ಮತ್ತೆ ಶುರುಮಾಡಿದರು, ಈ ಸಲ ಕಟ್ಟೆಯಿಲ್ಲದೆ. ಹಾರ್ಬರ್ ಸುರಂಗ 2022ರಲ್ಲಿ ಸರ್ಕಾರಕ್ಕೆ ವಾಪಸಾಯಿತು, ಸುಂಕ ಮುಂದುವರಿದಿದೆ.

ಸದಸ್ಯರಿಗೆ ಉಪಯೋಗವಾಗುವ ನಾಲ್ಕು ಮಾತು. ಕಾರು ಮಾರಿದ ದಿನವೇ ಅದರ ನಂಬರನ್ನು ಟೋಲ್ ಖಾತೆಯಿಂದ ತೆಗೆಸಿ, ಕೊಂಡ ದಿನವೇ ಸೇರಿಸಿ. ಮನೆ ಬದಲಿಸಿದರೆ ವಿಳಾಸವನ್ನು ಕಾರಿನ ನೋಂದಣಿಯಲ್ಲೂ ಖಾತೆಯಲ್ಲೂ ಎರಡು ಕಡೆ ತಿದ್ದಿಸಿ. ಇಲ್ಲಿಯ ಟ್ಯಾಗ್ ಸಿಡ್ನಿಯಲ್ಲೂ ಬ್ರಿಸ್ಬೇನಿನಲ್ಲೂ ನಡೆಯುತ್ತದೆ, ಹೊಸದು ಕೊಳ್ಳಬೇಕಿಲ್ಲ. ಮತ್ತು ಖಾತೆಯ ಸ್ಟೇಟ್‌ಮೆಂಟನ್ನು ಮೂರು ತಿಂಗಳಿಗೊಮ್ಮೆಯಾದರೂ ತೆರೆದು ಕೂಡಿ ನೋಡಿ.